ಕೆಳಮನೆಯವರ ಗೋಲು

ನಮ್ಮ ಕೆಳಮನೆಯ ಯಜಮಾನರು ಗೋಲು ಹೊಡೆಯುತ್ತಿದ್ದದ್ದು ಸಾಮಾನ್ಯವಾಗಿ ಊಟವಾದ ಮೇಲೆ. ಮೇಜಿನ ಮೇಲಿನ ಉಪ್ಪಿನ ಡಬ್ಬಿ ಅಡ್ಡ ಬರುವ ಒಬ್ಬ ಬ್ಯಾಕ್, ಸಾಸಿವೆಯ ಟ್ಯೂಬು ಇನ್ನೊಬ್ಬ ಬ್ಯಾಕ್, ಬ್ರೆಡ್ಡಿನ ಬುಟ್ಟಿ ಗೋಲ್ ಕೀಪರ್, ಬಿಯರ್ ಬಾಟಲಿಯ ಮುಚ್ಚಳವೇ ಚೆಂಡು. ಆ ಮುಚ್ಚಳ ಉಪ್ಪನ್ನು ಬಳಸಿ, ಸಾಸಿವೆಯನ್ನು ಯಾಮಾರಿಸಿ, ಬ್ರೆಡ್ಡಿನ ಬುಟ್ಟಿಯ ಎದುರು ಒಂದು ಗಳಿಗೆ ನಿಲ್ಲುತ್ತಿತ್ತು. ಯಜಮಾನರು ಅಲ್ಲಿ ತಲೆ ಎತ್ತಿ ನಮ್ಮ ಮುಖ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅವರ ಹೆಂಡತಿ ನಲ್ಲಿ ನಿಲ್ಲಿಸುತ್ತಿದ್ದರು. ಆಮೇಲೆ ಮುಚ್ಚಳ ಬುಟ್ಟಿಯ ಮೇಲಿಂದ ಹಾರಿ ಆ ಕಡೆ ಬೀಳುತ್ತಿತ್ತು. "ಗೋಲ್!" ಎಂದು ಕೂಗುತ್ತಿದ್ದದ್ದು ಮಾತ್ರ ಯಜಮಾನರಲ್ಲ, ಅಡುಗೆಮನೆಯಿಂದ ಅಮ್ಮಾವರು.

ಅದು ಜರ್ಮನಿಯವರು ನಮ್ಮ ಸಾಫ್ಟ್‌ವೇರಿನವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ. ನ್ಯೂರೆಂಬರ್ಗ್‌ನಲ್ಲಿ ಟ್ರಾಮು ತಿರುಗಿಕೊಳ್ಳುವ ಕೊನೆಯ ನಿಲ್ದಾಣದ ಹಿಂದೆ ಒಂದು ಹಳೆಯ ಕಟ್ಟಡ. ಅದರ ಎರಡನೇ ಮಹಡಿಯಲ್ಲಿ ನಾವಿಬ್ಬರು ಬಾಡಿಗೆಗಿದ್ದೆವು. ನಾನು ಹುಬ್ಬಳ್ಳಿಯವನು, ನನ್ನ ರೂಮಿನವನು ಬೆಂಗಳೂರಿನವನು. ಒಂದೇ ಕಂಪನಿ, ಒಂದೇ ಪ್ರಾಜೆಕ್ಟು, ಒಂದೇ ಕುಕ್ಕರು. ನಮ್ಮ ಕೆಳಗಿನ ಮನೆಯಲ್ಲಿ ಈ ಗಂಡ ಹೆಂಡತಿ ಇಬ್ಬರೇ ಇದ್ದರು. ಅವರ ಜರ್ಮನ್ ಮಾತನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ, ನನಗೆ ಅರ್ಥವಾದಷ್ಟು. ಉಳಿದದ್ದನ್ನು ನಾನೇ ತುಂಬಿದ್ದೇನೆ, ಆಗಲೂ ಹಾಗೇ ಮಾಡುತ್ತಿದ್ದೆ.

ನನಗೆ ಚಿಕ್ಕಂದಿನಿಂದ ಒಂದು ಚಟ. ಯಾರನ್ನು ಕಂಡರೂ ಅವರ ಹಾಗೆ ನಡೆಯುವುದು, ಅವರ ಹಾಗೆ ಕೆಮ್ಮುವುದು, ಅವರ ಹಾಗೆ ಮೂಗು ಏರಿಸುವುದು. ಟ್ರಾಮಿನ ಟಿಕೆಟ್ ತಪಾಸಣೆಯವನು, ನಮ್ಮ ಮ್ಯಾನೇಜರು, ವೀಸಾ ಆಫೀಸಿನಲ್ಲಿ ಕಾಗದ ತಿರುವುವಾಗ ಉಸಿರು ಬಿಡುವ ಹೆಂಗಸು, ಎಲ್ಲರೂ ನನ್ನ ಜೇಬಿನಲ್ಲಿದ್ದರು. ಒಬ್ಬನೇ ಒಬ್ಬ ಮನುಷ್ಯ ನನ್ನ ಕೈಗೆ ಸಿಕ್ಕಿರಲಿಲ್ಲ. ಒಂದು ದಿನ ರೂಮಿನವನು ಸೋಫಾದಿಂದೆದ್ದು, ಹೊಟ್ಟೆ ಮುಂದೆ ಮಾಡಿ, ಕತ್ತು ಒಂದು ಕಡೆ ವಾಲಿಸಿ, ಬಾಯಿ ಅರ್ಧ ತೆರೆದು ನಡೆದು ತೋರಿಸಿದ.

"ಯಾಂವಲೇ ಇಂವಾ, ಇಷ್ಟ ಪೆದ್ದ?" ಎಂದೆ.

"ನೀನೇ ಗುರು," ಎಂದ.

ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಕನ್ನಡಿಯ ಮುಂದೆ ಬಾಯಿ ಮುಚ್ಚಿಕೊಂಡು ನಿಂತು ನೋಡಿದೆ. ಕನ್ನಡಿಯಲ್ಲಿದ್ದವನು ಬಾಯಿ ಮುಚ್ಚಿಕೊಂಡೇ ಇದ್ದ, ಆದರೆ ಅವನ ಮೇಲೆ ನನಗೆ ವಿಶ್ವಾಸ ಬರಲಿಲ್ಲ.

ಅಮ್ಮಾವರಿಗೆ ಇಡೀ ಜಗತ್ತಿನ ಮೇಲೆ ಅನುಮಾನವಿತ್ತು. ನಾವು ಮೆಟ್ಟಿಲಿಳಿದರೆ ಅವರ ಬಾಗಿಲಿನಲ್ಲಿ ಇಣುಕಿ ನೋಡುವ ಗಾಜಿನ ಕಣ್ಣು ಕಪ್ಪಾಗುತ್ತಿತ್ತು. ಕಸದ ಚೀಲ ಹೊರಗಿಟ್ಟರೆ ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಕುಕ್ಕರು ಸೀಟಿ ಹೊಡೆದ ಮೊದಲ ದಿನ ಮೇಲೆ ಬಂದು "ಒಳಗೆ ಏನು ರಿಪೇರಿ ನಡೀತಿದೆ?" ಎಂದು ಕೇಳಿ, ಬೇಳೆ ತೋರಿಸಿದರೂ ನಂಬದೆ ಹೋಗಿದ್ದರು. ಬೇಕರಿಯವಳು ತೂಕದಲ್ಲಿ ಮೋಸ ಮಾಡುತ್ತಾಳೆ, ಟಿವಿಯಲ್ಲಿ ಹವಾಮಾನ ಹೇಳುವವನು ಬೇಕಂತಲೇ ತಪ್ಪು ಹೇಳುತ್ತಾನೆ, ಎದುರುಮನೆಯ ನಾಯಿಗೆ ಎಲ್ಲ ಅರ್ಥವಾದರೂ ತೋರಿಸಿಕೊಳ್ಳುವುದಿಲ್ಲ. ಅವರು ಪ್ರಶ್ನೆ ಕೇಳದೆ ನಂಬಿದ್ದು ಒಂದನ್ನೇ, ಗಂಡನ ಗೋಲನ್ನು.

ಆ ಗೋಲಿನ ಹಿನ್ನೆಲೆಯನ್ನು ಯಜಮಾನರಿಗಿಂತ ಅವರೇ ಚೆನ್ನಾಗಿ ಹೇಳುತ್ತಿದ್ದರು. ಊರಾಚೆ ಒಂದು ಸಣ್ಣ ಕ್ಲಬ್ಬು ಇತ್ತು, ಈಗ ಆ ಜಾಗದಲ್ಲಿ ಟೈರಿನ ಗೋದಾಮು. ದುಡ್ಡು ಕೊಟ್ಟು ಚೆಂಡಾಡಿಸುವ ಪದ್ಧತಿ ಆಗಿನ್ನೂ ಹೊಸದು. ಯಜಮಾನರು ಹಗಲೆಲ್ಲ ಸ್ಕ್ರೂ ಫ್ಯಾಕ್ಟರಿಯಲ್ಲಿ ದುಡಿದು, ಸಂಜೆ ಪ್ರಾಕ್ಟೀಸಿಗೆ ಹೋಗಿ, ಭಾನುವಾರ ಆಡುತ್ತಿದ್ದರು. ಆಡಿದ್ದು ಒಂದೇ ಸೀಸನ್ನು, ಅದೂ ಪೂರ್ತಿಯಲ್ಲ. ಮಂಡಿ ಕೈಕೊಟ್ಟಿತು, ಅಲ್ಲಿಗೆ ಆಟ ಮುಗಿಯಿತು. ಆದರೆ ಅಷ್ಟರೊಳಗೆ ಒಂದು ದಿನ, ಜನ ಗೋಡೆ ಹತ್ತಿ ಕೂತಿದ್ದ ಮೈದಾನದಲ್ಲಿ, ಆ ಗೋಲು ಬಿತ್ತು. ಅಮ್ಮಾವರು ಅದನ್ನು ಕಣ್ಣಾರೆ ನೋಡಿದವರಲ್ಲ. ಆ ತಿಂಗಳೆಲ್ಲ ಅವರ ಬೀದಿಯಲ್ಲಿ ಅದರದೇ ಮಾತು. ಆಮೇಲೆ ಒಂದು ಡಾನ್ಸಿನಲ್ಲಿ ಈ ಹುಡುಗ ಸಿಕ್ಕಿದ.

"ನನ್ನ ಕಾಲು ಮೂರು ಸಲ ತುಳಿದರು," ಎನ್ನುತ್ತಿದ್ದರು ಅಮ್ಮಾವರು. "ಬೇರೆಯವನಾಗಿದ್ದರೆ ಬಿಟ್ಟು ಬರುತ್ತಿದ್ದೆ. ಗೋಲು ಹೊಡೆದ ಕಾಲಲ್ಲವೇ ಎಂದು ಸುಮ್ಮನಾದೆ."

ನಮ್ಮ ಅವರ ನಡುವೆ ಬಾಗಿಲು ತೆರೆದದ್ದು ವಿಶ್ವಕಪ್ಪಿನ ಬೇಸಿಗೆಯಲ್ಲಿ. ಅವರ ಟಿವಿ ಕೆಟ್ಟಿತ್ತು, ನಮ್ಮದು ಹೊಸದು. ಅಮ್ಮಾವರು ನಮ್ಮ ಸೋಫಾದ ಮೇಲೆ ಕರವಸ್ತ್ರ ಹಾಸಿ ಅದರ ಮೇಲೆ ಕೂತು ಜರ್ಮನಿ ಗೆಲ್ಲುವುದನ್ನು ನೋಡಿದರು. ಫೈನಲ್ ದಿನ ಜರ್ಮನಿಯ ಕೀಪರನ ಕೈಯಿಂದ ಚೆಂಡು ಜಾರಿತು, ಎದುರು ಪಾರ್ಟಿಯವನು ಬಂದು ಒಳಗೆ ತಳ್ಳಿದ. ರೂಮಿನವನು ತಲೆ ಚಚ್ಚಿಕೊಂಡ. ಅಮ್ಮಾವರು ಕೀಪರನ ಇಡೀ ವಂಶವನ್ನು ಎಳೆದು ತಂದು ಬೈದರು. ಯಜಮಾನರು ಮಾತ್ರ ಎದ್ದು, ಬಿಯರನ್ನು ಅರ್ಧಕ್ಕೇ ಬಿಟ್ಟು, ಮೆಟ್ಟಿಲಿಳಿದು ಹೋದರು.

"ಗೋಲು ಹೊಡೆಯುವವರಿಗೆ ಇಂಥದ್ದು ನೋಡೋಕಾಗಲ್ಲ," ಎಂದು ಅಮ್ಮಾವರು ನಮಗೆ ತಿಳಿಹೇಳಿದರು.

ನಾನು ಮರುದಿನ ಅವರು ಎದ್ದು ಹೋದ ರೀತಿಯನ್ನು ಮಾಡಿ ತೋರಿಸಿ ರೂಮಿನವನನ್ನು ನಗಿಸಿದೆ. ಮಾಡುವಾಗ ನನ್ನ ಎರಡು ಕೈಗಳೂ ತಾವಾಗಿ ಹೊಟ್ಟೆಯ ಮುಂದೆ ಬಂದು ಸೇರಿಕೊಂಡವು. ಯಾಕೆಂದು ಆಗ ಯೋಚಿಸಲಿಲ್ಲ.

ತಂಟೆ ಶುರುವಾದದ್ದು ಗಣೇಶನ ಹಬ್ಬದ ಊಟದಲ್ಲಿ. ನಮ್ಮ ಕನ್ನಡ ಕೂಟದವರು ಮನೆಗೊಂದು ಅಡುಗೆ ಮಾಡಿ ತಂದು ಒಟ್ಟಿಗೆ ಉಣ್ಣುವ ಪದ್ಧತಿ. ಉಂಡ ಮೇಲೆ ನನ್ನನ್ನು ಎಬ್ಬಿಸುವುದೂ ಪದ್ಧತಿ. ಉಪ್ಪಿನಕಾಯಿ ಬಾಟಲಿ, ತುಪ್ಪದ ಡಬ್ಬಿ, ಒಂದು ಚಕ್ಕುಲಿ ಇಟ್ಟುಕೊಂಡು ಯಜಮಾನರ ಗೋಲನ್ನು ಹೊಡೆದೆ. ಎಲ್ಲರೂ ನಕ್ಕರು. ಕೂಟದ ಅಧ್ಯಕ್ಷರು ಮಾತ್ರ ನಗಲಿಲ್ಲ. ಅವರು ಮೈಸೂರಿನ ಡಾಕ್ಟರು, ಜರ್ಮನಿಗೆ ಬಂದು ದಶಕಗಳೇ ಕಳೆದಿದ್ದವು, ಕನ್ನಡ ಮಾತ್ರ ಹೊರಟ ದಿನ ಕಟ್ಟಿದ ಪೆಟ್ಟಿಗೆಯಲ್ಲಿ ಹಾಗೇ ಇಸ್ತ್ರಿ ಕೆಡದೆ ಇತ್ತು.

"ಏನಯ್ಯಾ, ಆತ ನಿಜವಾಗಿ ಸಂಬಳ ತೆಗೆದುಕೊಂಡು ಆಡಿದವರೋ?"

"ಹೌದ್ರಿ ಸರ್. ಪ್ರೊಫೆಷನಲ್."

"ಹಾಗಿದ್ದ ಮೇಲೆ ರಾಜ್ಯೋತ್ಸವಕ್ಕೆ ಅವರೇ ನಮ್ಮ ಮುಖ್ಯ ಅತಿಥಿಗಳು. ಬರುತ್ತೇನೆಂದಿದ್ದ ದೊಡ್ಡ ಮನುಷ್ಯರು ಕೈ ಎತ್ತಿದ್ದಾರೆ. ಶಾಲು ಇದೆ, ಮೈಸೂರು ಪೇಟ ಇದೆ, ಹಣ್ಣಿನ ಬುಟ್ಟಿಗೆ ಹೇಳಿಯಾಗಿದೆ. ತಲೆ ಒಂದು ಬಾಕಿ ಇತ್ತು."

ಇದು ನಮ್ಮವರು ಮಾತ್ರ ಮಾಡುವ ಕೆಲಸ. ಐವತ್ತು ಜನ ಸೇರಿದರೆ ಒಬ್ಬ ಮುಖ್ಯ ಅತಿಥಿ ಬೇಕು. ಅತಿಥಿ ಇಲ್ಲದಿದ್ದರೆ ದೀಪ ಹಚ್ಚುವವರಿಲ್ಲ, ಭಾಷಣ ಕೊರೆಯುವುದಕ್ಕೆ ಎದುರು ಕುರ್ಚಿಯಿಲ್ಲ, ಬಿಸಿಬೇಳೆಬಾತಿಗೆ ಹಸಿವೆಯೇ ಇಲ್ಲ. ಅತಿಥಿಯೆಂದ ಮೇಲೆ ಅತಿಥಿ ಪರಿಚಯ. ಅದನ್ನು ನಾನೇ ಬರೆದು ಓದಬೇಕೆಂದು ಅಪ್ಪಣೆಯಾಯಿತು.

ಕೆಳಮನೆಗೆ ಹೋಗಿ ಹೇಳಿದೆ. ಯಜಮಾನರು ತಕ್ಷಣ "ಬೇಡ" ಎಂದರು. ಎಷ್ಟು ತಕ್ಷಣವೆಂದರೆ, ನಾನು ವಾಕ್ಯದ ಕ್ರಿಯಾಪದಕ್ಕೆ ಇನ್ನೂ ಬಂದಿರಲಿಲ್ಲ. ಅಮ್ಮಾವರು ಕೈ ಒರೆಸಿಕೊಳ್ಳುತ್ತ ಬಂದು "ಬರುತ್ತಾರೆ" ಎಂದರು. ಅಲ್ಲಿಗೆ ಮುಗಿಯಿತು. ಆ ವಾರವೇ ಹೊಸ ಕೋಟು ಬಂತು. ವ್ಯುರ್ತ್ಸ್‌ಬುರ್ಗ್‌ನಲ್ಲಿದ್ದ ತಂಗಿಗೆ ಫೋನು ಹೋಯಿತು.

"ನನ್ನ ತಂಗಿಯ ಗಂಡ ಬ್ಯಾಂಕಿನಲ್ಲಿದ್ದವರು," ಎಂದು ಅಮ್ಮಾವರು ನನಗೆ ಹೇಳಿದರು. "ಅದನ್ನು ನಲವತ್ತು ವರ್ಷದಿಂದ ಕೇಳುತ್ತಿದ್ದೇನೆ. ಈಗ ಅವಳು ಮುಂದಿನ ಸಾಲಿನಲ್ಲಿ ಕೂತು ಕೇಳಲಿ."

ನಾನು ಪೆನ್ನು ಹಿಡಿದು ಕೂತೆ. ಯಾವ ವರ್ಷ? ಎದುರು ಯಾವ ಕ್ಲಬ್ಬು? ಯಾವ ಕಾಲು? ಯಜಮಾನರನ್ನು ಕೇಳಿದರೆ ಒಂದು ಸಲ ಎಡಗಾಲು, ಇನ್ನೊಂದು ಸಲ ಬಲಗಾಲು. ಜೊತೆಗೆ ಆಡಿದವರು ಯಾರಾದರೂ ಇದ್ದಾರೆಯೇ ಎಂದರೆ ಎಲ್ಲರೂ ಸತ್ತಿದ್ದರು. ಅವರು ಹೇಳಿದ ಒಬ್ಬರ ಹೆಸರು ಹಿಡಿದು, ಸತ್ತದ್ದು ಹೇಗೆಂದು ಕೇಳಿದೆ. "ಕಾಯಿಲೆ" ಎಂದರು, ಸ್ವಲ್ಪ ಹೊತ್ತಿನ ಮೇಲೆ "ಕೆನಡಾ" ಎಂದರು.

"ಕಾಗೆ ಹಾರಿಸ್ತಾವ್ರೆ ಗುರು," ಎಂದ ರೂಮಿನವನು. "ಅಜ್ಜ ಚೆಂಡು ಮುಟ್ಟೇ ಇಲ್ಲ. ಸ್ಕ್ರೂ ಫ್ಯಾಕ್ಟರಿ ನಿಜ. ಉಳಿದಿದ್ದೆಲ್ಲ ಬಿಲ್ಡಪ್ಪು."

"ಅಜ್ಜಾರು ಹಂಗ ಅಲ್ಲೋ."

"ನೋಡು ಮಗಾ, ನಮ್ಮ ಏರಿಯಾದಲ್ಲೂ ಒಬ್ಬರಿದ್ರು. ಬೆಳಗೆದ್ರೆ ಸ್ಟೇಟ್ ಟೀಮು, ಸ್ಟೇಟ್ ಟೀಮು ಅನ್ನೋರು. ಆಮೇಲೆ ನೋಡಿದ್ರೆ ಟೀಮಿನ ವ್ಯಾನ್ ಓಡಿಸ್ತಿದ್ರು."

ನಗಬೇಕಾಗಿತ್ತು. ಆದರೆ ವೇದಿಕೆ ಹತ್ತಿ ಪರಿಚಯ ಓದಬೇಕಾದವನು ನಾನು. ಮಾರನೆಯ ದಿನವೇ ಡಾಕ್ಟರ ಫೋನು ಬಂತು.

"ನನ್ನ ಪೇಶೆಂಟೊಬ್ಬರಿದ್ದಾರಪ್ಪಾ, ಆ ಕ್ಲಬ್ಬಿನ ಒಂದು ಆಟವನ್ನೂ ಬಿಡದೆ ನೋಡಿದವರು. ನಿಮ್ಮ ಯಜಮಾನರ ಹೆಸರಿನ ಫಾರ್ವರ್ಡ್ ಆ ಕ್ಲಬ್ಬಿನಲ್ಲಿ ಇರಲೇ ಇಲ್ಲ ಅನ್ನುತ್ತಾರಲ್ಲ?"

"ವಯಸ್ಸಾಗೇತ್ರಿ ಸರ್ ಅವರಿಗೆ. ಮರ್ತಿರ್ಬೇಕು."

"ಅವರಿಗಿರುವುದು ಮಂಡಿನೋವು, ಮರೆವಲ್ಲ. ನೀನು ಸರಿಯಾಗಿ ವಿಚಾರಿಸು. ನಮ್ಮ ವೇದಿಕೆಯಲ್ಲಿ ಪೇಟ ಇಟ್ಟುಕೊಂಡವರು ನಾಳೆ ಸುಳ್ಳುಗಾರರು ಅಂತಾದರೆ, ಆ ಪೇಟವನ್ನು ಮುಂದಿನ ವರ್ಷ ಯಾರ ತಲೆ ಮೇಲೆ ಇಡಲಯ್ಯಾ?"

ಫೋನಿಟ್ಟು ಮೊದಲು ಡಾಕ್ಟರ ಹಾಗೆ ಮೂಗಿನ ತುದಿಯಿಂದ "ಇಡಲಯ್ಯಾ" ಎಂದು ಎರಡು ಸಲ ಹೇಳಿಕೊಂಡೆ. ಆಮೇಲೆ ಹೆದರಿಕೊಂಡೆ. ಡಾಕ್ಟರ ಮಾನದ ಚಿಂತೆ ನನಗಿರಲಿಲ್ಲ. ಮುಂದಿನ ಸಾಲಿನಲ್ಲಿ ಹೊಸ ಕೋಟು ಹಾಕಿಕೊಂಡು, ಪಕ್ಕದಲ್ಲಿ ತಂಗಿಯನ್ನು ಕೂರಿಸಿಕೊಂಡಿರುವ ಅಮ್ಮಾವರ ಮುಖ ಕಣ್ಣಿಗೆ ಬಂತು. ಅವರಿಗೆ ನಂಬಲು ಇದ್ದದ್ದೇ ಒಂದು. ಅದು ಸುಳ್ಳೆಂದು ಒಂದು ಹಾಲ್ ತುಂಬ ಕನ್ನಡಿಗರ ಎದುರು ಅವರಿಗೆ ತಿಳಿದರೆ?

ಆ ಶನಿವಾರ ಏಷ್ಯನ್ ಅಂಗಡಿಯಿಂದ ಕಾರ್ಯಕ್ರಮಕ್ಕೆಂದು ತೆಂಗಿನಕಾಯಿ ತರುತ್ತಿದ್ದೆ. ಮೆಟ್ಟಿಲ ಮೇಲೆ ಚೀಲ ಹರಿಯಿತು. ಕಾಯಿಗಳು ದಡಬಡ ಕೆಳಗೆ ಹೊರಟವು. ಯಜಮಾನರು ಆಗಲೇ ಮೇಲೆ ಬರುತ್ತಿದ್ದರು. ಒಂದು ಕಾಯಿ ಮೆಟ್ಟಿಲಿಗೆ ಬಡಿದು ಅವರ ಎಡಕ್ಕೆ ಎಗರಿತು. ಮಂಡಿನೋವಿನ ಆ ಮುದುಕರು ಒಂದು ಕಾಲು ಮಡಿಸಿ, ಮೈಯನ್ನು ಪೂರ್ತಿ ಚೆಂಡಿನ ಹಿಂದೆ ತಂದು, ಅಂದರೆ ಕಾಯಿಯ ಹಿಂದೆ ತಂದು, ಎರಡೂ ಅಂಗೈ ಅಗಲಿಸಿ ಹಿಡಿದು, ಮಗುವಿನ ಹಾಗೆ ಎದೆಗೆ ಎಳೆದುಕೊಂಡು ಅದರ ಮೇಲೆ ಬಗ್ಗಿಬಿಟ್ಟರು. ಒಂದು ಕ್ಷಣ ಅಷ್ಟೇ. ಆಮೇಲೆ ನೆಟ್ಟಗಾಗಿ, ಕಾಯಿಯನ್ನು ನನ್ನ ಕೈಗಿಟ್ಟು, ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಿ ನೋಡಿದರು. ಬಾಗಿಲಿನ ಗಾಜಿನ ಕಣ್ಣು ಬೆಳ್ಳಗಿತ್ತು.

ಮನೆಗೆ ಬಂದು ಸೋಫಾದ ದಿಂಬು ತೆಗೆದುಕೊಂಡು ಆ ಭಂಗಿಯನ್ನು ಮಾಡಿದೆ. ಮತ್ತೆ ಮಾಡಿದೆ. ಫೈನಲ್ ದಿನ ಅವರು ಎದ್ದು ಹೋದದ್ದನ್ನು ಮಾಡಿ ತೋರಿಸುವಾಗ ನನ್ನ ಹೊಟ್ಟೆಯ ಮುಂದೆ ಬಂದಿದ್ದ ಕೈಗಳು ಇವೇ.

"ಏನ್ ಗುರು, ದಿಂಬಿಗೆ ಜ್ವರ ಬಂದಿದ್ಯಾ?" ಎಂದ ರೂಮಿನವನು.

"ಅಜ್ಜಾರು ಆಡ್ಯಾರಲೇ. ಖರೇನ ಆಡ್ಯಾರ. ಆದ್ರ ಗೋಲು ಹೊಡ್ಯಾವ್ರಲ್ಲ, ಹಿಡ್ಯಾವ್ರು."

ಹೇಳಿದ ಮೇಲೆ ಉಳಿದದ್ದೂ ಒಂದರ ಹಿಂದೆ ಒಂದು ಬಂತು. ಗೋಲಿನ ಕಥೆಯಲ್ಲಿ ಯಜಮಾನರು ಪ್ರತಿಸಲ ಹೇಳುವ ಮಾತೊಂದಿತ್ತು: "ಒದೆಯುವ ಮೊದಲು ನನ್ನ ನಾಲಿಗೆಯ ತುದಿ ಬಾಯಿಯ ಎಡಮೂಲೆಯಲ್ಲಿ ಹೊರಗಿತ್ತು, ಹಣೆಯ ಕೂದಲು ಕಣ್ಣಿಗೆ ಬಿದ್ದಿತ್ತು, ನಾನು ನಗುತ್ತಿದ್ದೆ." ಯಾವನಿಗೆ ತನ್ನ ಮುಖ ಅಷ್ಟು ಗೊತ್ತಿರುತ್ತದೆ? ನಾನು ಹೇಗೆ ನಡೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ಊರಿನವರ ಮುಖವೆಲ್ಲ ಹೊತ್ತು ತಿರುಗುವ ನಾನೇ ನನ್ನ ಮುಖದ ವಿಷಯದಲ್ಲಿ ಮೋಸ ಹೋಗಿದ್ದೆ. ಅಷ್ಟು ಗೊತ್ತಿರಬೇಕಾದರೆ ಎದುರಿಗೆ ನಿಂತು ನೋಡಿರಬೇಕು. ಬ್ರೆಡ್ಡಿನ ಬುಟ್ಟಿ ಇರುತ್ತಿದ್ದ ಜಾಗದಲ್ಲಿ.

ಮರುದಿನ ಮಧ್ಯಾಹ್ನ ಯಜಮಾನರ ಬಿಯರ್ ಕ್ರೇಟು ಹೊತ್ತುಕೊಂಡು ಅವರ ಜೊತೆ ನೆಲಮಾಳಿಗೆಗೆ ಇಳಿದೆ. ಅಲ್ಲಿ ಮನೆಗೊಂದು ಜಾಲರಿಯ ಕೋಣೆ, ಹಳೆಯ ಸೈಕಲ್ಲು, ಆಲೂಗಡ್ಡೆಯ ವಾಸನೆ. ದೀಪದ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಉರಿದು ತಾನೇ ಆರುತ್ತದೆ, ಮತ್ತೆ ಒತ್ತಬೇಕು. ಕ್ರೇಟು ಇಟ್ಟು ನೇರವಾಗಿ ಕೇಳಿಬಿಟ್ಟೆ.

"ನೀವು ಕೀಪರ್ ಆಗಿದ್ದಿರಿ, ಅಲ್ಲವೇ?"

ಉತ್ತರ ಬರುವ ಮೊದಲು ದೀಪ ಆರಿತು. ಇಬ್ಬರೂ ಗುಂಡಿ ಒತ್ತಲು ಹೋಗಲಿಲ್ಲ.

"ಅವಳು ಹೇಳಿದಳಾ?" ಎಂದು ಕತ್ತಲಲ್ಲಿ ಕೇಳಿದರು.

"ಅವರಿಗೆ ಗೊತ್ತಿದೆಯೇ?"

"ಇಲ್ಲ. ಗೊತ್ತಾಗಿಬಿಟ್ಟಿತೇನೋ ಅಂತ ಕೇಳಿದೆ."

ನಾನು ಹೋಗಿ ಗುಂಡಿ ಒತ್ತಿದೆ. ಯಜಮಾನರು ಆಲೂಗಡ್ಡೆಯ ಪೆಟ್ಟಿಗೆಯ ಮೇಲೆ ಕೂತಿದ್ದರು. ಖಾಯಂ ಕೀಪರನ ಬೆರಳು ಮುರಿದದ್ದಕ್ಕೆ ತನ್ನನ್ನು ನಿಲ್ಲಿಸಿದ್ದರು ಎಂದರು. ಆಡಿದ್ದು ಕೆಲವೇ ಆಟ. ಕೊನೆಯದರಲ್ಲಿ ಆ ಗೋಲು ಬಿತ್ತು, ಅದಾದ ಮೇಲೆ ಕೈಯೇ ಆಡಲಿಲ್ಲ, ಇನ್ನಷ್ಟು ಬಿದ್ದವು. ಸೋಮವಾರ ಕ್ಲಬ್ಬಿನವರು ಕರೆದು, ಸಂಜೆ ಪ್ರಾಕ್ಟೀಸಿಗೆ ಬರುವುದು ಬೇಡ ಎಂದರು. ಮಂಡಿಗೆ ಏನೂ ಆಗಿರಲಿಲ್ಲ. ಮಂಡಿನೋವು ಬಂದದ್ದು ಆಮೇಲೆ, ಫ್ಯಾಕ್ಟರಿಯಲ್ಲಿ.

"ಹಾಗಾದರೆ ಗೋಲು ಹೊಡೆದವರು?"

"ಎದುರು ಪಾರ್ಟಿಯವನು. ಮುಂದಿನ ವರ್ಷ ಕೆನಡಾಕ್ಕೆ ಹೋದ. ಡಾನ್ಸಿನಲ್ಲಿ ಅವಳು ಕೇಳಿದಳು, ಆ ಆಟದಲ್ಲಿ ನೀವಿದ್ದಿರಾ ಅಂತ. ಇದ್ದೆ ಅಂದೆ. ಆ ಗೋಲು ಯಾರದು ಅಂದಳು." ಯಜಮಾನರು ಅಂಗೈ ಎರಡನ್ನೂ ತಿರುಗಿಸಿ ನೋಡಿಕೊಂಡರು. "ನನ್ನದು ಅಂದೆ. ಒಂದು ಸಂಜೆಗೆ ಸಾಕು ಅಂದುಕೊಂಡಿದ್ದೆ."

ದೀಪ ಮತ್ತೆ ಆರಿತು. ಈ ಸಲ ಅವರೇ ಎದ್ದು ಹೋಗಿ ಒತ್ತಿದರು.

"ನಿನ್ನ ಭಾಷಣದಲ್ಲಿ ಏನು ಹೇಳುತ್ತೀಯ?"

"ಸುಳ್ಳೂ ಹೇಳುವುದಿಲ್ಲ, ನಿಜವೂ ಹೇಳುವುದಿಲ್ಲ. ನಮ್ಮ ಭಾಷೆಯಲ್ಲಿ ಅದಕ್ಕೆ ಬೇಕಾದಷ್ಟು ಅನುಕೂಲವಿದೆ."

ಅವರು ನನ್ನನ್ನು ಅನುಮಾನದಿಂದಲೇ ನೋಡಿದರು. ಆದರೆ ನಾನು ಹೇಳಿದ್ದು ಬರೀ ಧೈರ್ಯದ ಮಾತಲ್ಲ. ಅತಿಥಿ ಪರಿಚಯವೆಂಬ ಕಲೆಯಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಹುಬ್ಬಳ್ಳಿಯ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳ ಬಗ್ಗೆ ಮೇಷ್ಟರು ಅರ್ಧಗಂಟೆ ಮಾತಾಡಿದ ಮೇಲೂ ಅವರು ಏನು ಕೆಲಸ ಮಾಡುತ್ತಾರೆಂದು ನಮಗೆ ತಿಳಿಯುತ್ತಿರಲಿಲ್ಲ. ಆ ಮೇಷ್ಟರ ದನಿಯನ್ನು ಗಂಟಲಿಗೆ ತಂದುಕೊಂಡು ಬರೆದೆ. "ಕ್ರೀಡಾಲೋಕದ ಮುಗಿಲಿನಲ್ಲಿ ಮಿನುಗಿದ ಮುತ್ತು, ಎಲೆಮರೆಯ ಕಾಯಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕಾಲ್ಚೆಂಡಿನ ಕಲೆಯನ್ನು ಉಸಿರಾಗಿಸಿಕೊಂಡ ಮಹನೀಯರು." ರೂಮಿನವನು ಓದಿ ನೋಡಿದ.

"ಗುರು, ಇದರಲ್ಲಿ ಅಜ್ಜ ಎಲ್ಲವ್ರೆ?"

"ಇಲ್ಲ. ಅದಕ್ಕ ಇದು ಛಲೋ ಪರಿಚಯ."

ಡಾಕ್ಟರಿಗೂ ಓದಿಹೇಳಿದೆ. ಅವರು ಒಂದೊಂದು ಪದವನ್ನೂ ಎತ್ತಿ ಅಡಿಯಲ್ಲೇನಿದೆ ಎಂದು ನೋಡಿದರು, ಏನೂ ಸಿಗಲಿಲ್ಲ. "ಭಾಷೆ ಚೆನ್ನಾಗಿದೆ," ಎಂದರು, ಅನುಮಾನದಿಂದ.

ಕಾರ್ಯಕ್ರಮ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಒಳಗೆ ಬೆಂಕಿ ಹಚ್ಚಬಾರದೆಂಬ ನಿಯಮ, ಹಾಗಾಗಿ ದೀಪಕ್ಕೆ ಬ್ಯಾಟರಿ. ಯಜಮಾನರು ಅದರ ಗುಂಡಿ ಒತ್ತಿ ಉದ್ಘಾಟನೆ ಮಾಡಿದರು. ನಾನು ಪರಿಚಯ ಓದಿದೆ, ಪ್ರತಿ ವಿಶೇಷಣಕ್ಕೂ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಹೊಸ ಕೋಟಿನಲ್ಲಿ ಅಮ್ಮಾವರು ಒಂದಕ್ಷರ ತಿಳಿಯದಿದ್ದರೂ ತಂಗಿಯ ಕಡೆ ನೋಡಿ ನೋಡಿ ತಲೆಯಾಡಿಸಿದರು. ನನ್ನ ಲೆಕ್ಕದಲ್ಲಿ ಗಂಡಾಂತರ ಕಳೆದಿತ್ತು.

ಡಾಕ್ಟರು ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಕೊನೆಗೆ ಪೇಟ. ಅದು ಯಜಮಾನರ ತಲೆಗೆ ಸ್ವಲ್ಪ ದೊಡ್ಡದು, ಕಿವಿಯ ತನಕ ಇಳಿಯಿತು. ಅಷ್ಟರಲ್ಲಿ ತಾಯಂದಿರು ಮಕ್ಕಳನ್ನು ವೇದಿಕೆಗೆ ತಳ್ಳಿದರು. ಮಕ್ಕಳು ಸಾಲಾಗಿ ಬಂದು ಯಜಮಾನರ ಕಾಲು ಮುಟ್ಟಿದವು. ಮುಟ್ಟಿದ ಮೇಲೆ ತಮ್ಮತಮ್ಮಲ್ಲೇ ಜರ್ಮನಿನಲ್ಲಿ, "ಗೋಲು ಹೊಡೆದದ್ದು ಯಾವ ಕಾಲು? ಇದಾ, ಅದಾ?" ಎಂದು ಜಗಳವಾಡಿದವು. ಯಜಮಾನರು ಎರಡು ಕಾಲನ್ನೂ ಕುರ್ಚಿಯ ಕೆಳಗೆ ಎಳೆದುಕೊಂಡರು.

"ಅತಿಥಿಗಳು ಎರಡು ಮಾತಾಡಬೇಕು," ಎಂದರು ಡಾಕ್ಟರು. "ಆ ಗೋಲಿನ ಬಗ್ಗೆ." ಕೊನೆಯ ಮಾತನ್ನು ಹೇಳುವಾಗ ಅವರು ನೋಡಿದ್ದು ನನ್ನನ್ನು.

ಯಜಮಾನರು ಎದ್ದು ಮೈಕಿನ ಮುಂದೆ ನಿಂತರು, ಕನ್ನಡಕ್ಕೆ ತಿರುಗಿಸಲು ನಾನು ಪಕ್ಕದಲ್ಲಿ. ಎಂದಿನಂತೆ ಶುರುವಾಯಿತು: ಮಧ್ಯದಿಂದ ಓಟ, ಒಬ್ಬ ಬ್ಯಾಕನ್ನು ಬಳಸಿದ್ದು, ಇನ್ನೊಬ್ಬನನ್ನು ಯಾಮಾರಿಸಿದ್ದು. ನಾನು ಅವರ ಕೈ, ಅವರ ದನಿ ಎಲ್ಲ ಹಾಕಿ ಕನ್ನಡದಲ್ಲಿ ಹೊಡೆಯುತ್ತಾ ಹೋದೆ. "ನಾಲಿಗೆಯ ತುದಿ ಬಾಯಿಯ ಎಡಮೂಲೆಯಲ್ಲಿ ಹೊರಗಿತ್ತು," ಎಂದರು ಯಜಮಾನರು. ಎರಡು ಕೈಯಿಂದ ಪೇಟ ತೆಗೆದು ಎದೆಗೆ ಹಿಡಿದುಕೊಂಡರು.

"ಅವನ ನಾಲಿಗೆ," ಎಂದರು. "ನನ್ನದಲ್ಲ. ನಾನು ಗೋಲಿನಲ್ಲಿ ನಿಂತಿದ್ದೆ. ಬಲೆಯೊಳಗಿಂದ ಚೆಂಡು ಎತ್ತಿ ಹೊರಗೆ ಎಸೆದವನು ನಾನು. ಈ ಟೋಪಿ ಕೆನಡಾಕ್ಕೆ ಹೋಗಬೇಕಾದದ್ದು."

ಸಭೆಯಲ್ಲಿ ಜರ್ಮನ್ ಬರುವ ಅರ್ಧ ಜನ ಒಬ್ಬರ ಮುಖ ಒಬ್ಬರು ನೋಡಿದರು. ಬಾರದ ಅರ್ಧ ಜನ ನನ್ನ ಬಾಯಿ ನೋಡಿದರು. ಜನ್ಮದಲ್ಲಿ ಮೊದಲ ಸಲ ನನ್ನ ಬಳಿ ಯಾರ ದನಿಯೂ ಇರಲಿಲ್ಲ. ಹೇಗೋ ಹೇಳಿದೆ: "ಆ ಗೋಲು ಹೊಡೆದವರು ಇವರಲ್ಲ ಅಂತ್ರೀ.. ಇವರಿಗೇ ಹೊಡೆದದ್ದಂತ."

ಅದಕ್ಕೆ ಬಿತ್ತು ನೋಡಿ ಚಪ್ಪಾಳೆ. ನಮ್ಮವರು ಅದನ್ನು ವಿನಯವೆಂದು ತಿಳಿದರು. ದೊಡ್ಡವರು ತಮ್ಮ ಸಾಧನೆಯನ್ನು ಒಪ್ಪಿಕೊಳ್ಳದಿರುವುದು ನಮ್ಮಲ್ಲಿ ಭಾಷಣದ ಭಾಗವೇ. ವ್ಯುರ್ತ್ಸ್‌ಬುರ್ಗ್‌ನ ತಂಗಿ ಕೂಡ ತಟ್ಟಿದಳು, ಬಹಳ ಹೊತ್ತು ತಟ್ಟಿದಳು. ಅಮ್ಮಾವರು ತೊಡೆಯ ಮೇಲೆ ಕೈಚೀಲ ಹಿಡಿದುಕೊಂಡು ಗಂಡನನ್ನೇ ನೋಡುತ್ತಿದ್ದರು, ಕಸದ ಚೀಲವನ್ನು ನೋಡುವ ಹಾಗೆ.

ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತರು.

"ನಿನಗೆ ಯಾವಾಗಿಂದ ಗೊತ್ತು?"

"ನನ್ನ ಚೀಲದಿಂದ ಬಿದ್ದ ತೆಂಗಿನಕಾಯಿಯನ್ನು ಅವರು ಮೆಟ್ಟಿಲ ಮೇಲೆ ಹಿಡಿದ ದಿನದಿಂದ."

"ನಾನು ನಲವತ್ತು ವರ್ಷ ಒಂದೇ ಮನೆಯಲ್ಲಿದ್ದೇನೆ. ಒಂದು ಕಾಯಿಯೂ ಬೀಳಲಿಲ್ಲ," ಎಂದರು. ಬಿಸಿಬೇಳೆಬಾತನ್ನು ಚಮಚದಿಂದ ಕೆದಕಿ, ಒಳಗೆ ಏನೇನಿದೆ ಎಂದು ನೋಡಿ, ತಿನ್ನದೆ ಇಟ್ಟರು.

ಆಮೇಲೆ ಕೆಳಮನೆಯಲ್ಲಿ ಗೋಲಿನ ಕೂಗಿಲ್ಲ. ನಲ್ಲಿ ಹರಿಯುವುದು ಕೇಳಿಸುತ್ತಿತ್ತು, ನಿಲ್ಲುವುದು ಕೇಳಿಸುತ್ತಿತ್ತು, ನಡುವೆ ಮಾತಿಲ್ಲ. ಅಮ್ಮಾವರು ಎರಡು ಸಲ ಮೇಲೆ ಬಂದರು. ಒಂದು ಸಲ, "ಅವರು ಫ್ಯಾಕ್ಟರಿಯಲ್ಲಿ ಇದ್ದದ್ದಾದರೂ ನಿಜವೇ? ನಿನಗೇನಾದರೂ ಹೇಳಿದ್ದಾರಾ?" ಎಂದು ಕೇಳಲು. ಇನ್ನೊಂದು ಸಲ, "ಅವರು ಕೀಪರ್ ಎಂದು ಯಾವ ಆಧಾರದ ಮೇಲೆ ನಂಬುವುದು?" ಎಂದು ಕೇಳಲು. ನಾನು ದಿಂಬು ಹಿಡಿದು ಮಾಡಿ ತೋರಿಸಿದೆ. ಗಮನವಿಟ್ಟು ನೋಡಿದರು. "ನೀನು ಯಾರ ಹಾಗೆ ಬೇಕಾದರೂ ಮಾಡುತ್ತೀಯ," ಎಂದು ಹೇಳಿ ಇಳಿದು ಹೋದರು.

"ಅಜ್ಜಿ ಡಿವೋರ್ಸ್ ಕೊಡ್ತಾರೆ ಗುರು," ಎಂದ ರೂಮಿನವನು. "ಅದೂ ನಿನ್ನಿಂದ."

"ಬಾಯಿ ಮುಚ್ಚಲೇ."

"ನಿಂದು ಮುಚ್ಚು ಮೊದ್ಲು. ತೆಗೆದೇ ಇದೆ."

ಮುಂದಿನ ಭಾನುವಾರ ಊಟದ ಹೊತ್ತಿಗೆ ಹಿತ್ತಲಿನಿಂದ ಧಡ್ ಎಂಬ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಕಿಟಕಿಗೆ ಹೋಗಿ ಬಗ್ಗಿದೆವು. ನಮ್ಮ ಕಟ್ಟಡದ ಹಿಂದೆ ಜಮಖಾನ ನೇತುಹಾಕಿ ಬಡಿಯಲೆಂದು ಹಳೆಯ ಕಾಲದ ಒಂದು ಕಬ್ಬಿಣದ ಚೌಕಟ್ಟು ಇತ್ತು. ಅದರ ಎರಡು ಕಂಬಗಳ ನಡುವೆ ಯಜಮಾನರು ಉಣ್ಣೆಯ ಸ್ವೆಟರು ಹಾಕಿಕೊಂಡು ನಿಂತಿದ್ದರು. ಎದುರಿಗೆ ಅಮ್ಮಾವರು, ಹೊಸ ಕೋಟಿನಲ್ಲಿ. ಪಕ್ಕದ ಮನೆಯ ಮಕ್ಕಳ ಚೆಂಡು ಅವರ ಕಾಲ ಬಳಿ ಇತ್ತು.

ಅಮ್ಮಾವರು ಒದ್ದರು. ಯಜಮಾನರು ಬಲಕ್ಕೆ ಬಿದ್ದು ಹಿಡಿದರು. ಎದ್ದು ಚೆಂಡು ಉರುಳಿಸಿಕೊಟ್ಟರು. ಮತ್ತೆ ಒದ್ದರು, ಮತ್ತೆ ಹಿಡಿದರು. ಸ್ವೆಟರು ಕೆಸರಾಯಿತು. ಮಂಡಿ ಹಿಡಿದುಕೊಂಡು ಏಳುವಾಗ ಅವರ ಮುಖ ಹಿಂಡುತ್ತಿತ್ತು. ಅಮ್ಮಾವರು ಕರುಣೆ ತೋರಿಸಲಿಲ್ಲ. ಮೂಲೆಗೆ ಒದ್ದರು, ಎತ್ತರಕ್ಕೆ ಒದ್ದರು, ಹೇಳದೆ ಕೇಳದೆ ಒದ್ದರು. ಮುದುಕರು ಒಂದನ್ನೂ ಬಿಡಲಿಲ್ಲ.

"ಅಪ್ಪಟ ಕೀಪರ್ ಮಗಾ," ಎಂದ ರೂಮಿನವನು. ಅವನ ದನಿಯಲ್ಲಿ ಆಟವಿರಲಿಲ್ಲ.

ಆಗ ಅಮ್ಮಾವರು ದಣಿದು ಒಂದು ಚೆಂಡು ಒದ್ದರು. ಅದು ಒದ್ದದ್ದಲ್ಲ, ಹೋಗಪ್ಪಾ ಎಂದು ಕಳಿಸಿದ್ದು. ಚೆಂಡು ನಿಧಾನಕ್ಕೆ ಉರುಳುತ್ತಾ, ಒಂದು ಕಲ್ಲಿಗೆ ತಾಗಿ, ಯಜಮಾನರ ಎರಡು ಕೈಗಳ ನಡುವಿನಿಂದ, ಹೊಟ್ಟೆಯ ಕೆಳಗಿನಿಂದ ದಾಟಿ ಹಿಂದಿನ ಗೋಡೆಗೆ ಹೋಗಿ ನಿಂತಿತು. ಯಜಮಾನರು ನೆಲದ ಮೇಲೆ ಹಾಗೇ ಮಲಗಿದ್ದರು.

ಅಮ್ಮಾವರು ಕುಣಿಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಹತ್ತಿರ ಹೋದರು.

"ಬೇಕಂತಲೇ ಬಿಟ್ಟಿರಾ?"

"ಇಲ್ಲ."

"ನನ್ನ ಕಣ್ಣು ನೋಡಿ ಹೇಳಿ."

"ಕಲ್ಲಿಗೆ ತಾಗಿತು. ತಿರುಗಿತು."

ಅಮ್ಮಾವರು ಕಲ್ಲನ್ನು ನೋಡಿದರು. ಕಾಲಿನಿಂದ ಅಲುಗಾಡಿಸಿ ನೋಡಿದರು. ಆಮೇಲೆ ತಲೆ ಎತ್ತಿ ನಮ್ಮ ಕಿಟಕಿಯ ಕಡೆ ಕೂಗಿದರು.

"ನೀನು ಹೇಳು, ಮೇಲಿನವನೇ! ಬಿಟ್ಟರಾ, ಬಿದ್ದಿತಾ?"

ಯಜಮಾನರೂ ಮಲಗಿದಲ್ಲಿಂದಲೇ ನನ್ನ ಕಡೆ ನೋಡಿದರು. ರೂಮಿನವನು ನನ್ನ ಪಕ್ಕೆಗೆ ತಿವಿದು, "ಬಿದ್ದಿತು ಅನ್ನೋ, ಬಿದ್ದಿತು ಅನ್ನು," ಎಂದು ಹಲ್ಲಿನ ನಡುವೆ ಹೇಳಿದ. ನಾನು ನೋಡಿದ್ದೆ. ಚೆಂಡು ಕಲ್ಲಿಗೆ ತಾಗುವ ಮೊದಲೇ ಆ ಎರಡು ಅಂಗೈಗಳು ಒಂದಕ್ಕೊಂದು ದೂರವಾಗಿದ್ದವು.

"ಬಿಟ್ಟರು!" ಎಂದು ಕೂಗಿದೆ.

ಅಮ್ಮಾವರು ಗೋಡೆಯ ಬಳಿ ಹೋಗಿ ಚೆಂಡು ತಂದರು. ಮೊದಲಿನ ಜಾಗಕ್ಕಿಂತ ಎರಡು ಹೆಜ್ಜೆ ಮುಂದಿಟ್ಟರು. ಕೋಟು ಬಿಚ್ಚಿ ಕಂಬಕ್ಕೆ ನೇತುಹಾಕಿ, ಓಡಿಬರಲು ಜಾಗ ಬೇಕೆಂದು ಹಿಂದೆ ಹಿಂದೆ ಸರಿಯತೊಡಗಿದರು. ಯಜಮಾನರು ಮಂಡಿಯೂರಿ ಎದ್ದು, ಅಂಗೈಗೆ ಉಗುಳಿಕೊಂಡು, ಈ ಸಲ ಹಿಡಿಯಲೆಂದೇ ಬಗ್ಗಿ ನಿಂತರು.